ಹಳೆ ಕಾರಿಗೆ ನ್ಯಾವಿಗೇಶನ್ ಸ್ಕ್ರೀನ್: ಒಂದೂ ವೈರ್ ಕತ್ತರಿಸದೆ ಮನೆಯಲ್ಲೇ ಕೂರಿಸುವ ಸಮಗ್ರ ಮಾರ್ಗದರ್ಶಿ

ಹತ್ತು ಹನ್ನೆರಡು ವರ್ಷದ ಸ್ವಿಫ್ಟ್, ವ್ಯಾಗನಾರ್, ಐ10 ಇಟ್ಟುಕೊಂಡವರದ್ದು ಒಂದೇ ಕತೆ. ಎಂಜಿನ್ ಗಟ್ಟಿಯಾಗಿದೆ, ಕಾರು ಮಾರಲು ಮನಸ್ಸಿಲ್ಲ, ಆದರೆ ಡ್ಯಾಶ್‌ಬೋರ್ಡಿನಲ್ಲಿ ಇನ್ನೂ ಸಿಡಿ ನುಂಗುವ ಸ್ಟೀರಿಯೊ ಕೂತಿದೆ. ಅದನ್ನು ತೆಗೆದು ಮ್ಯಾಪ್ ತೋರಿಸುವ ಒಂಬತ್ತು ಇಂಚಿನ ಸ್ಕ್ರೀನ್ ಕೂರಿಸುವುದು ಕಷ್ಟದ ಕೆಲಸವೇನಲ್ಲ. ಬಿಡುವಿನ ಒಂದು ಭಾನುವಾರ, ಒಂದು ಮಲ್ಟಿಮೀಟರ್, ಸ್ವಲ್ಪ ತಾಳ್ಮೆ ಇದ್ದರೆ ಸಾಕು.

ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಹೋದರೆ ಎಲ್ಲರೂ ಸ್ಕ್ರೀನಿನ ಇಂಚು, ರ‍್ಯಾಮ್ ಎಷ್ಟು ಜಿಬಿ, ಆಂಡ್ರಾಯ್ಡ್ ಎಷ್ಟನೇ ವರ್ಷನ್ ಅಂತಲೇ ಮಾತಾಡುತ್ತಾರೆ. ಕೆಲಸ ಕೆಡುವುದು ಅಲ್ಲಲ್ಲ. ಕಪ್ಲರ್ (ಕಾರಿನ ಪ್ಲಗ್ಗಿಗೂ ಸ್ಕ್ರೀನಿಗೂ ನಡುವಿನ ವೈರ್ ಕಟ್ಟು), ಅರ್ತ್ (ಕಾರಿನ ಲೋಹದ ಮೈಗೆ ಕೊಡುವ ನೆಗೆಟಿವ್ ಸಂಪರ್ಕ), ಜಿಪಿಎಸ್ ಆಂಟೆನಾ, ಈ ಮೂರರಲ್ಲಿ ಕೆಡುತ್ತದೆ. ಇವು ಸರಿ ಇದ್ದರೆ ಸಾಧಾರಣ ಯೂನಿಟ್ಟೂ ವರ್ಷಗಟ್ಟಲೆ ತೊಂದರೆ ಕೊಡದೆ ನಡೆಯುತ್ತದೆ. ಇವು ಕೆಟ್ಟರೆ ಎಷ್ಟೇ ದುಬಾರಿ ಸ್ಕ್ರೀನ್ ಹಾಕಿದರೂ ಗೊಣಗಾಟ ತಪ್ಪಿದ್ದಲ್ಲ.

ನಿಮಗೆ ನಿಜವಾಗಿ ಬೇಕಿರುವುದು ಯಾವುದು?

ಮೂರು ದಾರಿ ಇವೆ. ಮೊದಲನೆಯದು ಫೋನ್ ಹೋಲ್ಡರ್. ಊರೊಳಗೆ ಮಾತ್ರ ಓಡಾಡುವವರಿಗೆ ಇಷ್ಟೇ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ.

ಎರಡನೆಯದು, ಫೋನಿನ ಮ್ಯಾಪನ್ನೇ ಆಂಡ್ರಾಯ್ಡ್ ಆಟೋ ಅಥವಾ ಆಪಲ್ ಕಾರ್‌ಪ್ಲೇ ಮೂಲಕ ಸ್ಕ್ರೀನಿಗೆ ತರುವ ಯೂನಿಟ್. ಹೆಸರಾಂತ ಕಂಪನಿಗಳ ಡಬಲ್ ಡಿನ್ (ಎರಡು ಪಟ್ಟು ಎತ್ತರದ ಗೂಡಿನ) ಸ್ಟೀರಿಯೊಗಳು ಹೆಚ್ಚಾಗಿ ಈ ಜಾತಿಯವು. ಬೇಗ ಆನ್ ಆಗುತ್ತವೆ, ಸೌಂಡ್ ಚೆನ್ನಾಗಿರುತ್ತದೆ, ತಲೆನೋವು ಕಮ್ಮಿ.

ಮೂರನೆಯದು ಸ್ವಂತ ಆಂಡ್ರಾಯ್ಡ್ ಇರುವ ಹೆಡ್ ಯೂನಿಟ್. ಇದಕ್ಕೆ ಅದರದ್ದೇ ಜಿಪಿಎಸ್ ಆಂಟೆನಾ, ಅದರದ್ದೇ ಆ್ಯಪ್, ಅದರದ್ದೇ ಮೆಮೊರಿ. ಫೋನ್ ಜೇಬಿನಲ್ಲಿದ್ದರೂ, ಮನೆಯಲ್ಲಿ ಮರೆತು ಬಂದಿದ್ದರೂ ಮ್ಯಾಪ್ ನಡೆಯುತ್ತದೆ. ಮಲೆನಾಡು, ಕರಾವಳಿ ಕಡೆ ಓಡಾಟ ಜಾಸ್ತಿ ಇದ್ದರೆ ನನ್ನ ಆಯ್ಕೆ ಇದೇ. ಈ ಬರಹ ಮುಖ್ಯವಾಗಿ ಇದರ ಬಗ್ಗೆ, ಆದರೆ ವೈರಿಂಗ್ ಭಾಗ ಎರಡನೇ ಜಾತಿಗೂ ಅಷ್ಟೇ ಹೊಂದುತ್ತದೆ.

ಇಲ್ಲೇ ಒಂದು ತಪ್ಪು ಕಲ್ಪನೆ ಬಿಡಿಸಿಬಿಡೋಣ. "ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ, ಹಾಗಾಗಿ ಜಿಪಿಎಸ್ ಕೆಲಸ ಮಾಡಲ್ಲ" ಅನ್ನುವವರು ತುಂಬಾ ಜನ. ಜಿಪಿಎಸ್‌ಗೂ ಮೊಬೈಲ್ ಟವರಿಗೂ ಸಂಬಂಧವೇ ಇಲ್ಲ. ಉಪಗ್ರಹಗಳು 1575.42 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತಲೇ ಇರುತ್ತವೆ, ನಿಮ್ಮ ಯೂನಿಟ್ ಅದನ್ನು ಕೇಳಿಸಿಕೊಂಡು ತಾನೆಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಚಾರ್ಮಾಡಿಯಲ್ಲಿ ಟವರ್ ಹೋದಾಗ ನಿಂತುಹೋಗುವುದು ಮ್ಯಾಪಿನ ಚಿತ್ರ, ಟ್ರಾಫಿಕ್ ಮಾಹಿತಿ ಮತ್ತು ಹೊಸ ದಾರಿಯ ಲೆಕ್ಕ. ಮ್ಯಾಪನ್ನು ಮೊದಲೇ ಇಳಿಸಿಕೊಂಡಿದ್ದರೆ ಚಿತ್ರವೂ ನಿಲ್ಲುವುದಿಲ್ಲ.

ಕೊಳ್ಳುವಾಗ

ಡಿನ್ ಅಂದರೆ ಸ್ಟೀರಿಯೊ ಕೂರುವ ಗೂಡಿನ ಅಳತೆ. ಸಿಂಗಲ್ ಡಿನ್ 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ. ಡಬಲ್ ಡಿನ್‌ನಲ್ಲಿ ಎತ್ತರ 100. ಟೊಯೊಟಾದ ಹಲವು ಕಾರುಗಳಲ್ಲಿ ಅಗಲ 200 ಮಿ.ಮೀ. ಇರುತ್ತದೆ, ಪಕ್ಕದ ಸಂದಿ ಮುಚ್ಚಲು ಬೇರೆ ಪಟ್ಟಿ ಬೇಕು. ಒಂಬತ್ತು, ಹತ್ತು ಇಂಚಿನ ಸ್ಕ್ರೀನ್ ಈ ಗೂಡಿನ ಒಳಗೆ ಹಿಡಿಸುವುದಿಲ್ಲ, ಅದರ ಮುಂದೆ ಒಂದು ಪ್ಲಾಸ್ಟಿಕ್ ಫ್ರೇಮಿನಲ್ಲಿ ನಿಲ್ಲುತ್ತದೆ. ಆ ಫ್ರೇಮ್ ನಿಮ್ಮ ಕಾರಿನ ಮಾದರಿಗೂ ವರ್ಷಕ್ಕೂ ಸರಿಯಾಗಿ ಹೊಂದಬೇಕು. 2010ರ ಸ್ವಿಫ್ಟಿನದು 2012ರ ಸ್ವಿಫ್ಟಿಗೆ ಆಗುವುದಿಲ್ಲ, ಯಾಕೆಂದರೆ 2011ರಲ್ಲಿ ಕಾರಿನ ತಲೆಮಾರೇ ಬದಲಾಯಿತು.

ಎಸಿ ಗಾಳಿ ಬರುವ ಕಿಂಡಿಗೆ, ಹಜಾರ್ಡ್ ಸ್ವಿಚ್ಚಿಗೆ ಸ್ಕ್ರೀನ್ ಅಡ್ಡ ಬರುತ್ತದಾ ನೋಡಿ. ನಾನಾದರೆ ಹತ್ತು ಇಂಚಿನ ಆಸೆ ಬಿಟ್ಟು ಒಂಬತ್ತರಲ್ಲೇ ನಿಲ್ಲುತ್ತೇನೆ. ಇಂಚಿಗಿಂತ ಮುಖ್ಯವಾದದ್ದು ಪ್ಯಾನೆಲ್ ಐಪಿಎಸ್ ಆಗಿರುವುದು. ಡ್ರೈವರ್ ಸ್ಕ್ರೀನನ್ನು ಯಾವತ್ತೂ ಓರೆಯಾಗಿಯೇ ನೋಡುವುದು ಅಲ್ವಾ? ಸಾಧಾರಣ ಪ್ಯಾನೆಲ್ಲು ಓರೆಯಿಂದ ಬಣ್ಣ ಕಳೆದುಕೊಂಡು ಬೂದಿ ಬಳಿದಂತೆ ಕಾಣುತ್ತದೆ.

ಇನ್ನು ಡಬ್ಬಿ ಮೇಲೆ ಬರೆದದ್ದನ್ನು ನಂಬಬೇಡಿ. ಅಗ್ಗದ ಯೂನಿಟ್ಟುಗಳಲ್ಲಿ ಹಳೆ ಆಂಡ್ರಾಯ್ಡ್‌ಗೆ ಹೊಸ ನಂಬರ್ ಅಂಟಿಸಿ, 2 ಜಿಬಿ ರ‍್ಯಾಮನ್ನು 4 ಅಂತ ತೋರಿಸುವುದು ಮಾಮೂಲು. ಸೆಟ್ಟಿಂಗ್ಸ್ ಪುಟದಲ್ಲೂ ಅದೇ ಸುಳ್ಳು ಇರುತ್ತದೆ. ಅಂಗಡಿಯಲ್ಲೇ ಪವರ್ ಕೊಡಿಸಿ, ಸಿಪಿಯು-ಝಡ್ ಅಥವಾ ಐಡಾ64 ಆ್ಯಪ್ ಹಾಕಿ ನೋಡಿ. ಚಿಪ್ ಹೆಸರು ಎಸಿ8227ಎಲ್ ಅಂತ ಬಂದರೆ ಮ್ಯಾಪ್ ಮತ್ತು ಹಾಡು ಒಟ್ಟಿಗೆ ನಡೆಸುವಾಗ ತೆವಳುತ್ತದೆ. ಯುಐಎಸ್7862 ಅಂತ ಇದ್ದರೆ ನ್ಯಾವಿಗೇಶನ್‌ಗೆ ಧಾರಾಳ. ಇದೊಂದು ಸಾಲು ತಿಳಿದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ.

ಯೂನಿಟ್ ಜೊತೆಗೆ ನಿಮ್ಮ ಕಾರಿನ ಕಪ್ಲರ್ ಕೇಳಿ. ಕಾರಿನ ಮೂಲ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸುವ ವೈರ್ ಕಟ್ಟು ಅದು. ಮಾರುತಿಯ ಹೆಚ್ಚಿನ ಕಾರುಗಳಿಗೆ ಸುಝುಕಿ 20 ಪಿನ್ ಕಪ್ಲರ್ ಸುಲಭವಾಗಿ ಸಿಗುತ್ತದೆ, ಕೆಲವೇ ನೂರು ರೂಪಾಯಿ. "ಕಪ್ಲರ್ ಯಾಕೆ ಸಾರ್, ಕಟ್ ಮಾಡಿ ಜಾಯಿನ್ ಮಾಡಿದ್ರೆ ಆಯ್ತು" ಅನ್ನುವ ಅಂಗಡಿಯಿಂದ ಹಾಗೇ ಎದ್ದು ಬನ್ನಿ. ವೈರ್ ಕತ್ತರಿಸಿದ ಕಾರಿಗೆ ಎಲೆಕ್ಟ್ರಿಕಲ್ ವಾರಂಟಿ ಸಿಗುವುದು ಅನುಮಾನ. ಐದು ವರ್ಷ ಆದ ಮೇಲೆ ಆ ಟೇಪು ಬಿಸಿಲಿಗೆ ಜಿಗುಟಾಗಿ ಬಿಚ್ಚಿಕೊಂಡು ಎಲ್ಲೋ ಒಂದು ಕಡೆ ಶಾರ್ಟ್ ಆಗುತ್ತದೆ.

ಫೋಕ್ಸ್‌ವ್ಯಾಗನ್, ಸ್ಕೋಡಾ ಮತ್ತು ಈಚಿನ ಬಹಳಷ್ಟು ಕಾರುಗಳಲ್ಲಿ ಸ್ಟೀರಿಯೊ, ಮೀಟರ್, ಸ್ಟೀರಿಂಗ್ ಬಟನ್ ಎಲ್ಲ ಕ್ಯಾನ್ ಬಸ್ ಅನ್ನುವ ಎರಡು ವೈರಿನ ಮೇಲೆ ಮಾತಾಡಿಕೊಳ್ಳುತ್ತವೆ. ಅಂಥ ಕಾರಿಗೆ ಕ್ಯಾನ್ ಬಸ್ ಡಿಕೋಡರ್ ಡಬ್ಬಿ ಇರುವ ಕಪ್ಲರ್ರೇ ಬೇಕು. ಅದು ಇಲ್ಲದಿದ್ದರೆ ಯೂನಿಟ್ಟಿಗೆ ಕೀ ತಿರುಗಿಸಿದ್ದೇ ಗೊತ್ತಾಗುವುದಿಲ್ಲ.

ಸಾಮಾನು ಜಾಸ್ತಿ ಬೇಡ. ಪ್ಲಾಸ್ಟಿಕ್ ಪಟ್ಟಿಗಳ ಸೆಟ್ ಒಂದು (ಸ್ಕ್ರೂಡ್ರೈವರಿನಲ್ಲಿ ಎಬ್ಬಿದರೆ ಡ್ಯಾಶ್‌ಬೋರ್ಡ್ ಮೇಲೆ ಗಾಯ ಖಂಡಿತ), ಸ್ಟಾರ್ ಸ್ಕ್ರೂಡ್ರೈವರ್, 10 ನಂಬರ್ ಸ್ಪ್ಯಾನರ್, ಮಲ್ಟಿಮೀಟರ್, ಕ್ರಿಂಪಿಂಗ್ ಪ್ಲೈಯರ್ (ವೈರ್ ತುದಿ ಒತ್ತಿ ಜೋಡಿಸಲು), ಹೀಟ್ ಶ್ರಿಂಕ್ ಟ್ಯೂಬ್ (ಬಿಸಿಗೆ ಕುಗ್ಗಿ ಬಿಗಿಯಾಗುವ ಕೊಳವೆ), ಬಟ್ಟೆ ಟೇಪ್, ಝಿಪ್ ಟೈ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿನಲ್ಲಿ ಎಲ್ಲ ಸಿಗುತ್ತದೆ. ಮಾಮೂಲಿ ಪಿವಿಸಿ ಇನ್ಸುಲೇಷನ್ ಟೇಪ್ ಮಾತ್ರ ತರಬೇಡಿ, ಕಾರಿನ ಒಳಗಿನ ಸೆಕೆಗೆ ಅದು ನಿಲ್ಲುವುದಿಲ್ಲ.

ಬಿಚ್ಚುವುದು

ಬಿಚ್ಚುವ ಮುಂಚೆ ಹಳೆ ಸ್ಟೀರಿಯೊ ಹಾಕಿ ನಾಲ್ಕೂ ಸ್ಪೀಕರ್ ಮಾತಾಡುತ್ತವಾ ನೋಡಿಕೊಳ್ಳಿ. ಕೆಲವು ಕಾರುಗಳಲ್ಲಿ ಬ್ಯಾಟರಿ ತೆಗೆದರೆ ಸ್ಟೀರಿಯೊ ಕೋಡ್ ಕೇಳುತ್ತದೆ, ಹಳೆಯದನ್ನು ಮುಂದೆ ಬಳಸುವ ಯೋಚನೆ ಇದ್ದರೆ ಕೋಡ್ ಬರೆದಿಟ್ಟುಕೊಳ್ಳಿ.

ಕೀ ತೆಗೆಯಿರಿ. ಬಾನೆಟ್ ಎತ್ತಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಅದು ಮತ್ತೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕಿಡಿ. ಆಮೇಲೆ ಹತ್ತು ನಿಮಿಷ ಸುಮ್ನೆ ಕಾಯಿರಿ, ಕಾಫಿ ಕುಡಿಯಿರಿ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಅದರ ಕೆಪಾಸಿಟರ್ ಖಾಲಿಯಾಗಲು ಸಮಯ ಬೇಕು. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಪ್ಲಗ್ಗು, ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದ್ದು. ಅದನ್ನು ಮುಟ್ಟಬೇಡಿ, ಮಲ್ಟಿಮೀಟರ್ ಕಡ್ಡಿಯನ್ನಂತೂ ಅದರ ಹತ್ತಿರ ಒಯ್ಯಲೇಬೇಡಿ.

ಸ್ಟೀರಿಯೊ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟು ಹೆಚ್ಚಿನ ಕಾರುಗಳಲ್ಲಿ ಬರೀ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ಒಂದು ಮೂಲೆಯಿಂದ ಶುರು ಮಾಡಿ, ಪಟ್ಟಿ ಸೇರಿಸಿ, ನಿಧಾನಕ್ಕೆ ನಿಮ್ಮ ಕಡೆಗೆ ಎಳೆಯಿರಿ. "ಟಕ್" ಅಂತ ಒಂದೊಂದೇ ಕ್ಲಿಪ್ ಬಿಡುತ್ತದೆ. ಮೂರು ಬಿಟ್ಟು ನಾಲ್ಕನೆಯದು ಬಿಡದಿದ್ದರೆ ಜೋರು ಮಾಡಬೇಡಿ, ಅಲ್ಲೊಂದು ಸ್ಕ್ರೂ ಅಡಗಿರುತ್ತದೆ. ಚೌಕಟ್ಟು ಕೈಗೆ ಬಂದ ಕೂಡಲೇ ದೂರ ಎಳೆಯಲೂಬೇಡಿ, ಹಿಂದೆ ಹಜಾರ್ಡ್ ಸ್ವಿಚ್ಚಿನ ಪ್ಲಗ್ ನೇತಾಡುತ್ತಿರಬಹುದು. ಆಮೇಲೆ ಸ್ಟೀರಿಯೊದ ನಾಲ್ಕು ಸ್ಕ್ರೂ ಬಿಚ್ಚಿ ಹೊರಗೆಳೆದು, ಹಿಂದಿನ ಪ್ಲಗ್ಗು ಮತ್ತು ರೇಡಿಯೊ ಆಂಟೆನಾ ಕೇಬಲ್ ತೆಗೆಯಿರಿ. ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ವಾಪಸ್ ಜೋಡಿಸುವಾಗ ಜಗಳವಿಲ್ಲ.

ವೈರಿಂಗ್: ಇಲ್ಲಿ ಅವಸರ ಬೇಡ

ಕಪ್ಲರ್ ಸಿಕ್ಕಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುವಂತಿಲ್ಲ. ಕಪ್ಲರ್ ಮಾಡಿದವರು ಬಣ್ಣ ತಪ್ಪಿಸಿರುವ ಸಾಧ್ಯತೆ ಇದ್ದೇ ಇದೆ. ಒಂದೊಂದು ವೈರ್ ಏನು ಮಾಡುತ್ತದೆ ಅಂತ ತಿಳಿದುಕೊಂಡು, ಅಳೆದೇ ಮುಂದೆ ಹೋಗಿ.

ಹಳದಿ ವೈರ್ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್. ಗಡಿಯಾರ, ಸೆಟ್ಟಿಂಗ್, ಕೊನೆಯ ಸ್ಟೇಷನ್ ಎಲ್ಲ ನೆನಪಿರುವುದು ಇದರಿಂದ. ಕೆಂಪು ವೈರಿಗೆ ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರಬೇಕು, ಯೂನಿಟ್ ಎಚ್ಚರವಾಗುವುದು, ಮಲಗುವುದು ಅದರ ಮಾತು ಕೇಳಿ. ಕಪ್ಪು ಅರ್ತ್. ಕಿತ್ತಳೆ ವೈರಿಗೆ ಪಾರ್ಕಿಂಗ್ ಲೈಟ್ ಹಾಕಿದಾಗ ಕರೆಂಟ್ ಬರುತ್ತದೆ, ಆಗ ಸ್ಕ್ರೀನ್ ತಾನಾಗಿ ಮಂಕಾಗುತ್ತದೆ. ಇದನ್ನು ಎಷ್ಟೋ ಜನ ಸುಮ್ಮನೆ ಬಿಟ್ಟುಬಿಡುತ್ತಾರೆ. ರಾತ್ರಿ ಶಿರಾಡಿ ಇಳಿಯುವಾಗ ಮುಖಕ್ಕೆ ಹೊಡೆಯುವ ಬಿಳಿ ಸ್ಕ್ರೀನ್ ಎಷ್ಟು ಅಪಾಯ ಅಂತ ಒಂದು ಸಲ ನೋಡಿದವರು ಬಿಡುವುದಿಲ್ಲ. ನೀಲಿ ವೈರ್ ಆಂಟೆನಾ ಮತ್ತು ಆಂಪ್ಲಿಫೈಯರ್‌ಗೆ ಸಿಗ್ನಲ್ ಕೊಡುತ್ತದೆ. ಕಾರಿನ ರೇಡಿಯೊ ಆಂಟೆನಾದ ಬುಡದಲ್ಲಿ ಆಂಪ್ಲಿಫೈಯರ್ ಇದ್ದು ನೀವು ನೀಲಿ ಕೊಡದಿದ್ದರೆ ಎಫ್‌ಎಂ ಬರೀ ಗರಗರ ಅನ್ನುತ್ತದೆ.

ಸ್ಪೀಕರ್ ವೈರುಗಳು ಜೋಡಿ ಜೋಡಿ. ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಕಪ್ಪು ಗೆರೆ ಇರುವುದು ಆ ಜೋಡಿಯ ಮೈನಸ್. ಈ ಮೈನಸ್ಸನ್ನು ಅಪ್ಪಿತಪ್ಪಿಯೂ ಕಾರಿನ ಲೋಹದ ಮೈಗೆ ತಾಗಿಸಬೇಡಿ, ಒಳಗಿನ ಆಂಪ್ಲಿಫೈಯರ್ ಐಸಿ ಸುಟ್ಟುಹೋಗುತ್ತದೆ. ಒಂದು ಸ್ಪೀಕರಿನ ಪ್ಲಸ್ ಮೈನಸ್ ಅದಲುಬದಲಾದರೆ ಏನೂ ಸುಡುವುದಿಲ್ಲ, ಆದರೆ ಬೇಸ್ ಸೊರಗುತ್ತದೆ.

ಈಗ ಅಳೆಯುವುದು. ಕಾರಿನ ಕಡೆಯ ಪ್ಲಗ್ಗಿಗೆ ಕಪ್ಲರ್ ಸಿಕ್ಕಿಸಿ, ಯೂನಿಟ್ ಕಡೆಯ ತುದಿ ಖಾಲಿ ಇರಲಿ. ಬ್ಯಾಟರಿ ಟರ್ಮಿನಲ್ ಮತ್ತೆ ಹಾಕಿ. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ, ಕಪ್ಪು ಕಡ್ಡಿಯನ್ನು ಬಾಡಿಯ ಯಾವುದಾದರೂ ಬೋಳು ಬೋಲ್ಟಿಗೆ ಒತ್ತಿ ಹಿಡಿಯಿರಿ. ಕೆಂಪು ಕಡ್ಡಿಯ ತುದಿಯನ್ನು ಹಳದಿ ಪಿನ್ನಿನ ಒಳಗೆ ಇಳಿಸಿ. ಕೀ ಇಲ್ಲದೆಯೂ 12.4ರಿಂದ 12.6 ತೋರಿಸಬೇಕು. ಅಲ್ಲಿಂದ ಕೆಂಪು ಪಿನ್ನಿಗೆ ಬನ್ನಿ: ಸೊನ್ನೆ. ಕಡ್ಡಿ ತೆಗೆಯದೆ ಇನ್ನೊಬ್ಬರಿಗೆ ಕೀ ಒಂದು ಹಂತ ತಿರುಗಿಸಲು ಹೇಳಿ, ತಟ್ಟನೆ 12ಕ್ಕೆ ನೆಗೆಯಬೇಕು. ಕೀ ವಾಪಸ್ ತಿರುಗಿಸಿದರೆ ಮತ್ತೆ ಸೊನ್ನೆ. ಕಿತ್ತಳೆಗೂ ಹೀಗೇ, ಪಾರ್ಕಿಂಗ್ ಲೈಟ್ ಹಾಕಿ, ತೆಗೆದು ನೋಡಿ.

ಇಲ್ಲಿ ಹಳದಿ, ಕೆಂಪು ಅದಲುಬದಲಾಗಿದ್ದರೆ ಪ್ರತಿ ಸಲ ಕಾರು ಆಫ್ ಮಾಡಿದಾಗಲೂ ಸೆಟ್ಟಿಂಗ್ ಹೋಗುತ್ತದೆ. ಎರಡನ್ನೂ ಸೇರಿಸಿ ಕೀಗೆ ಕೊಟ್ಟರೆ ಪ್ರತಿ ಸಲ ಮೊದಲಿನಿಂದ ಬೂಟ್ ಆಗುತ್ತದೆ, ನೀವು ಗೇಟು ದಾಟಿದರೂ ಮ್ಯಾಪ್ ಬಂದಿರುವುದಿಲ್ಲ. ಎರಡನ್ನೂ ಸೇರಿಸಿ ಬ್ಯಾಟರಿಗೆ ಕೊಟ್ಟರಂತೂ ಯೂನಿಟ್ ನಿದ್ದೆಯೇ ಮಾಡುವುದಿಲ್ಲ, ಬೆಳಿಗ್ಗೆ ಕಾರು ತಳ್ಳಬೇಕು. ಅಂಗಡಿಯಲ್ಲಿ ಅವಸರಕ್ಕೆ ಮಾಡುವ ಕೆಲಸ ಈ ಮೂರರಲ್ಲಿ ಒಂದಾಗಿರುತ್ತದೆ. ದೂರು ಕೊಟ್ಟರೆ "ಯೂನಿಟ್ಟೇ ಹಂಗೆ ಸಾರ್" ಅನ್ನುತ್ತಾರೆ.

ಅಳತೆ ಮುಗಿದ ಮೇಲೆ ಬ್ಯಾಟರಿ ಮತ್ತೆ ಬಿಚ್ಚಿ, ಜೋಡಣೆ ಮಾಡಿ. ವೈರ್ ಸೇರಿಸಬೇಕಾದ ಕಡೆ ಸುಮ್ಮನೆ ತಿರುಚಿ ಟೇಪ್ ಸುತ್ತುವುದು ಬೇಡ. ಕ್ರಿಂಪ್ ಮಾಡಿ ಅಥವಾ ಬೆಸುಗೆ ಹಾಕಿ, ಮೇಲೆ ಹೀಟ್ ಶ್ರಿಂಕ್ ಹಾಕಿ ಬಿಸಿ ಮಾಡಿ. ಹಳದಿ ವೈರಿನಲ್ಲಿ ಫ್ಯೂಸ್ ಇರಲೇಬೇಕು, ಸಾಮಾನ್ಯವಾಗಿ 10 ಅಥವಾ 15 ಆಂಪಿಯರ್, ಯೂನಿಟ್ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ. ಫ್ಯೂಸ್ ಪದೇಪದೇ ಹೋಗುತ್ತದೆ ಅಂತ ದೊಡ್ಡದು ಹಾಕುವುದು ಬೆಂಕಿಗೆ ಆಹ್ವಾನ.

ಅರ್ತ್ ಬಗ್ಗೆ ಒಂದು ಮಾತು. ಕಪ್ಲರಿನ ಕಪ್ಪು ವೈರ್ ಸಾಮಾನ್ಯವಾಗಿ ಸಾಕು. ಹಾಡು ಹಾಕಿದಾಗ ಎಂಜಿನ್ ವೇಗದ ಜೊತೆ ಏರಿಳಿಯುವ "ಕುಂಯ್" ಸದ್ದು ಬಂದರೆ ಅರ್ತ್ ಸಡಿಲ ಅಥವಾ ಎರಡು ಕಡೆ ಅರ್ತ್ ಆಗಿದೆ ಅಂತ ಅರ್ಥ. ಡ್ಯಾಶ್‌ಬೋರ್ಡ್ ಹಿಂದಿನ ಲೋಹದ ಅಡ್ಡಪಟ್ಟಿಯ ಒಂದು ಬೋಲ್ಟ್ ಬಿಚ್ಚಿ, ಅಲ್ಲಿನ ಬಣ್ಣ ಉಜ್ಜಿ ಲೋಹ ಕಾಣುವಂತೆ ಮಾಡಿ, ರಿಂಗ್ ಟರ್ಮಿನಲ್ ಹಾಕಿ ಬಿಗಿಯಿರಿ. ಆಂಪ್ಲಿಫೈಯರ್ ಇದ್ದರೆ ಅದರ ಅರ್ತನ್ನೂ ಅಲ್ಲೇ ತನ್ನಿ.

ಸ್ಟೀರಿಂಗ್ ಮೇಲೆ ಬಟನ್ ಇರುವ ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಒಂದೊಂದು ಬಟನ್‌ಗೆ ಒಂದೊಂದು ರೆಸಿಸ್ಟೆನ್ಸ್. ಆ ವೈರುಗಳನ್ನು ಯೂನಿಟ್ಟಿನ ಕೀ1, ಕೀ2ಗೆ ಕೊಟ್ಟು, ಸೆಟ್ಟಿಂಗ್ಸ್‌ನಲ್ಲಿ ಬಟನ್ ಒತ್ತಿ ಕಲಿಸಿದರೆ ಮುಗಿಯಿತು. ಹ್ಯಾಂಡ್‌ಬ್ರೇಕ್ ವೈರ್ ಇದ್ದರೆ ಅದನ್ನು ನಿಜವಾದ ಹ್ಯಾಂಡ್‌ಬ್ರೇಕ್ ಸ್ವಿಚ್ಚಿಗೇ ಕೊಡಿ. ಎಲ್ಲರೂ ಅದನ್ನು ಅರ್ತ್‌ಗೆ ಸೇರಿಸಿ ಓಡುವ ಕಾರಿನಲ್ಲೂ ವಿಡಿಯೊ ನೋಡುವ ಏರ್ಪಾಡು ಮಾಡಿಕೊಳ್ಳುತ್ತಾರೆ. ಆ ಜಾಣತನ ಬೇಡ.

ಜಿಪಿಎಸ್ ಆಂಟೆನಾ: ಎಲ್ಲಿ ಇಡುತ್ತೀರಿ ಅನ್ನುವುದೇ ಎಲ್ಲ

ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಕೆಳಗೆ ಮ್ಯಾಗ್ನೆಟ್, ಉದ್ದನೆಯ ಸಣ್ಣ ಕೇಬಲ್. ಇದರೊಳಗೆ ಸೆರಾಮಿಕ್ ಬಿಲ್ಲೆ ಇದೆ, ಅದಕ್ಕೆ ಆಕಾಶ ಕಾಣಬೇಕು. ಅಷ್ಟೇ ಅದರ ಬೇಡಿಕೆ. ಪ್ಲಾಸ್ಟಿಕ್, ಗಾಜು ಅಡ್ಡ ಇದ್ದರೆ ಪರವಾಗಿಲ್ಲ, ಲೋಹ ಇರಬಾರದು. ಅಂಗಡಿಯವರು ಮಾಡುವುದು ಮಾತ್ರ ಒಂದೇ ಕೆಲಸ: ಆಂಟೆನಾವನ್ನು ಯೂನಿಟ್ ಹಿಂದೆಯೇ ವೈರುಗಳ ಜೊತೆ ತುರುಕಿ ಮುಚ್ಚಿಬಿಡುವುದು. ಮೇಲೆ ಲೋಹದ ಅಡ್ಡಪಟ್ಟಿ, ಮುಂದೆ ಯೂನಿಟ್ಟಿನದೇ ತಗಡಿನ ಮೈ. ಊರೊಳಗೆ ಹೇಗೋ ನಡೆಯುತ್ತದೆ, ಕಾಡು ದಾರಿಯಲ್ಲಿ ಬಾಣ ಗದ್ದೆಯಲ್ಲಿ ಓಡುತ್ತದೆ.

ಸರಿಯಾದ ಜಾಗ ವಿಂಡ್‌ಶೀಲ್ಡ್ ಬುಡ, ಡ್ಯಾಶ್‌ಬೋರ್ಡಿನ ಮೇಲ್ಭಾಗ. ಹೊರಗೆ ಕಾಣಬಾರದು ಅನ್ನುವುದಾದರೆ ಮೇಲ್ಗಡೆಯ ಪ್ಲಾಸ್ಟಿಕ್ಕಿನ ಕೆಳಗೆ ಅಂಟಿಸಬಹುದು, ಮೇಲೆ ಲೋಹ ಇಲ್ಲ ಅಂತ ಖಾತ್ರಿ ಮಾಡಿಕೊಂಡು. ಮಟ್ಟಸವಾಗಿ, ಮುಖ ಮೇಲಕ್ಕಿರಲಿ. ಎಡಗಡೆ ಪ್ಯಾಸೆಂಜರ್ ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಇಡಬೇಡಿ, ಅದು ಬಿಚ್ಚಿದರೆ ಈ ಡಬ್ಬಿ ಗುಂಡಿನಂತೆ ಹಾರುತ್ತದೆ. ಡ್ಯಾಶ್‌ಕ್ಯಾಮ್ ಮತ್ತು ಅಗ್ಗದ ಕಾರ್ ಚಾರ್ಜರುಗಳಿಂದಲೂ ದೂರವಿರಲಿ, ಅವು ಉಗುಳುವ ರೇಡಿಯೊ ಗದ್ದಲ ಜಿಪಿಎಸ್ಸಿನ ಕ್ಷೀಣ ಸಿಗ್ನಲನ್ನು ಮುಳುಗಿಸಿಬಿಡುತ್ತದೆ. ಕೆಲವು ದುಬಾರಿ ಕಾರುಗಳ ಗಾಜಿನಲ್ಲಿ ಬಿಸಿಲು ತಡೆಯುವ ಲೋಹದ ಲೇಪ ಇರುತ್ತದೆ, ಅಲ್ಲಿ ಕನ್ನಡಿಯ ಹತ್ತಿರ ಲೇಪ ಬಿಟ್ಟಿರುವ ಜಾಗವೇ ಗತಿ.

ಕೇಬಲ್ ಹೆಚ್ಚಿದ್ದರೆ ಕತ್ತರಿಸಬೇಡಿ. ದೊಡ್ಡ ಸುತ್ತು ಸುತ್ತಿ ಕಟ್ಟಿ, ಚೂಪಾಗಿ ಮಡಚಬೇಡಿ. ಸ್ಕ್ರೂ ಕನೆಕ್ಟರನ್ನು ಕೈಯಲ್ಲೇ ಬಿಗಿ ಮಾಡಿದರೆ ಸಾಕು.

ಈಗ ಪರೀಕ್ಷೆ. ಕಾರನ್ನು ಬಯಲಿಗೆ ತನ್ನಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ನಿಂತು ಜಿಪಿಎಸ್ ಬರುತ್ತಿಲ್ಲ ಅಂದರೆ ಏನು ಹೇಳುವುದು? ಯೂನಿಟ್ಟಿನಲ್ಲಿ ಜಿಪಿಎಸ್‌ಟೆಸ್ಟ್ ಆ್ಯಪ್ ತೆರೆಯಿರಿ. ಪ್ರತಿ ಉಪಗ್ರಹದ ಎದುರು ಒಂದು ಅಂಕಿ ಕಾಣುತ್ತದೆ, ಅದು ಸಿಗ್ನಲ್ ಬಲ. ಹತ್ತಾರು ಉಪಗ್ರಹಗಳು 35ರಿಂದ 45ರ ನಡುವೆ ಇದ್ದರೆ ಆಂಟೆನಾ ಒಳ್ಳೆ ಜಾಗದಲ್ಲಿದೆ. ಎಲ್ಲವೂ 25ರ ಆಸುಪಾಸಿನಲ್ಲಿ ತೂಗಾಡುತ್ತಿದ್ದರೆ ಜಾಗ ಬದಲಿಸಿ. ಡಬ್ಬಿಯನ್ನು ಕೈಯಲ್ಲಿ ಹಿಡಿದು ಸ್ಕ್ರೀನ್ ನೋಡುತ್ತಾ ಒಂದೊಂದು ಗೇಣು ಸರಿಸಿ, ಅಂಕಿ ಹೇಗೆ ಏರುತ್ತದೆ ಇಳಿಯುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಮೊದಲ ಸಲ ಲಾಕ್ ಆಗಲು ತಡವಾದರೆ ಗಾಬರಿ ಬೇಡ. ಒಂದು ಉಪಗ್ರಹ ತನ್ನ ಕಕ್ಷೆಯ ವಿವರ ಕಳಿಸಲು 30 ಸೆಕೆಂಡ್ ಹಿಡಿಯುತ್ತದೆ, ಎಲ್ಲ ಉಪಗ್ರಹಗಳ ಪಟ್ಟಿ ಪೂರ್ತಿ ಬರಲು ಹನ್ನೆರಡೂವರೆ ನಿಮಿಷ. ಕಾಲು ಗಂಟೆ ಬಿಟ್ಟುಬಿಡಿ.

ನಮ್ಮ ದೇಶದ್ದೇ ಉಪಗ್ರಹ ವ್ಯವಸ್ಥೆ ನ್ಯಾವಿಕ್ ಬರುತ್ತದಾ ಅಂತ ಕೇಳುವವರಿದ್ದಾರೆ. ಅದರ ನ್ಯಾವಿಗೇಶನ್ ಕೇಂದ್ರ ಬೆಂಗಳೂರಿನ ಹೊರಗೆ ಬ್ಯಾಲಾಳುವಿನಲ್ಲೇ ಇದೆ, ಹಾಗಾಗಿ ಆಸೆ ಸಹಜ. ಆದರೆ ನ್ಯಾವಿಕ್‌ನ ಮೊದಲ ಉಪಗ್ರಹಗಳು ಎಲ್5 ಮತ್ತು ಎಸ್ ಅನ್ನುವ ಬೇರೆ ರೇಡಿಯೊ ಬ್ಯಾಂಡುಗಳಲ್ಲಿ ಮಾತಾಡುತ್ತವೆ, ಅಗ್ಗದ ಯೂನಿಟ್ಟುಗಳ ಆಂಟೆನಾ ಕೇಳುವುದು ಎಲ್1 (ಜಿಪಿಎಸ್ಸಿನ 1575.42 ಮೆಗಾಹರ್ಟ್ಸ್) ಮಾತ್ರ. 2023ರ ಮೇ ತಿಂಗಳಲ್ಲಿ ಹಾರಿದ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಸಿಗ್ನಲ್ ಶುರುವಾಯಿತು. ನ್ಯಾವಿಕ್ ಬೇಕೇ ಬೇಕು ಅಂದರೆ ಚಿಪ್ಪು, ಆಂಟೆನಾ ಎರಡೂ ಅದಕ್ಕೆ ಹೊಂದುತ್ತವಾ ಕೇಳಿ ಕೊಳ್ಳಿ.

ಕ್ಯಾಮೆರಾ, ಮೈಕ್, ಯುಎಸ್‌ಬಿ

ರಿವರ್ಸ್ ಕ್ಯಾಮೆರಾಕ್ಕೆ ಪವರ್ ರಿವರ್ಸ್ ಲೈಟಿನಿಂದ ಬರುತ್ತದೆ. ಅದೇ ಲೈಟಿನಿಂದ ಇನ್ನೊಂದು ವೈರ್ ಮುಂದಕ್ಕೆ ತಂದು ಯೂನಿಟ್ಟಿನ ರಿವರ್ಸ್ ವೈರಿಗೆ ಕೊಟ್ಟರೆ ಗೇರ್ ಹಾಕಿದ ಕೂಡಲೇ ಸ್ಕ್ರೀನ್ ಬದಲಾಗುತ್ತದೆ. ಹಳದಿ ಆರ್‌ಸಿಎ ವಿಡಿಯೊ ಕೇಬಲನ್ನು ಬಾಗಿಲ ಕೆಳಗಿನ ಪಟ್ಟಿಯ ಒಳಗೆ ತನ್ನಿ. ಡಿಕ್ಕಿ ಬಾಗಿಲಿಗೆ ಹೋಗುವಲ್ಲಿ ರಬ್ಬರ್ ಕೊಳವೆಯ ಒಳಗಿಂದಲೇ ದಾಟಿಸಿ, ಹೊರಗಿಂದ ತಂದರೆ ಮಳೆಗಾಲದಲ್ಲಿ ನೀರು ಕೇಬಲ್ ಹಿಡಿದುಕೊಂಡೇ ಒಳಗೆ ಬರುತ್ತದೆ.

ಯೂನಿಟ್ಟಿನ ಮುಖದಲ್ಲಿರುವ ಮೈಕಿನಲ್ಲಿ ನಿಮ್ಮ ಮಾತು ಬಾವಿಯಿಂದ ಬಂದಂತೆ ಕೇಳುತ್ತದೆ. ಜೊತೆಗೆ ಬರುವ ಹೊರಗಿನ ಮೈಕನ್ನು ಸ್ಟೀರಿಂಗ್ ಹಿಂದೆ ಅಂಟಿಸಿ. ವಿಂಡ್‌ಶೀಲ್ಡ್ ಪಕ್ಕದ ಕಂಬದ ಒಳಗೆ ಕೇಬಲ್ ಒಯ್ಯುವುದಾದರೆ ಅಲ್ಲಿ ಕರ್ಟನ್ ಏರ್‌ಬ್ಯಾಗ್ ಇದೆಯಾ ನೋಡಿ, ಇದ್ದರೆ ಕೇಬಲ್ ಅದರ ಹಿಂದೆ ಹೋಗಬೇಕು, ಮುಂದೆ ಅಲ್ಲ. ಯುಎಸ್‌ಬಿ ಕೇಬಲನ್ನು ಗ್ಲೋವ್ ಬಾಕ್ಸಿಗೆ ತನ್ನಿ. ಯಾವ ಕೇಬಲ್ಲೂ ಪೆಡಲ್ ಕಡೆ ಜೋತು ಬೀಳಬಾರದು.

ಮುಚ್ಚುವ ಮುಂಚೆ

ಯೂನಿಟ್ಟನ್ನು ಗೂಡಿಗೆ ಅರ್ಧ ತೂರಿಸಿ, ಸ್ಕ್ರೂ ಹಾಕದೆ ಎಲ್ಲ ಪರೀಕ್ಷಿಸಿ. ನಾಲ್ಕು ಸ್ಪೀಕರ್ ಒಂದೊಂದಾಗಿ, ಎಫ್‌ಎಂ, ಪಾರ್ಕಿಂಗ್ ಲೈಟಿಗೆ ಸ್ಕ್ರೀನ್ ಮಂಕಾಗುವುದು, ರಿವರ್ಸ್ ಗೇರ್, ಸ್ಟೀರಿಂಗ್ ಬಟನ್, ಒಂದು ಫೋನ್ ಕರೆ. ಎಂಜಿನ್ ಸ್ಟಾರ್ಟ್ ಮಾಡಿದಾಗ ವೋಲ್ಟೇಜ್ 13.8ರಿಂದ 14.4ರ ನಡುವೆ ಬರಬೇಕು. ಕಾರಿನ ಮೀಟರ್ ಬೋರ್ಡಿನಲ್ಲಿ ಏರ್‌ಬ್ಯಾಗ್ ಲೈಟ್ ಆರಿದೆಯಾ ನೋಡಿ.

ಆಮೇಲೆ ವೈರುಗಳನ್ನೆಲ್ಲ ಬಟ್ಟೆ ಟೇಪಿನಲ್ಲಿ ಸುತ್ತಿ, ಯೂನಿಟ್ಟಿನ ಬಿಸಿ ತಗಡಿಗೆ ಒತ್ತದ ಹಾಗೆ ಕೆಳಗಿನ ಖಾಲಿ ಜಾಗಕ್ಕೆ ಇಳಿಸಿ. ಕಪ್ಲರಿನ ಪ್ಲಗ್ಗುಗಳಿಗೆ ತೆಳು ಫೋಮ್ ಸುತ್ತಿ. ನಮ್ಮ ರಸ್ತೆಯ ಹಂಪುಗಳಿಗೆ ಎರಡು ಪ್ಲಗ್ಗು ತಾಗುತ್ತಿದ್ದರೆ ಹಗಲಿಡೀ "ಕಟಕಟ" ಕೇಳಬೇಕಾಗುತ್ತದೆ, ಅದಕ್ಕೋಸ್ಕರ ಮತ್ತೆ ಡ್ಯಾಶ್‌ಬೋರ್ಡ್ ಬಿಚ್ಚುವುದು ಯಾರಿಗೆ ಬೇಕು? ಕಲಬುರಗಿ, ರಾಯಚೂರು ಕಡೆಯವರು ಯೂನಿಟ್ಟಿನ ಹಿಂದೆ ಗಾಳಿಯಾಡುವಷ್ಟು ಸಂದಿ ಬಿಡಿ, ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸುವಾಗ ಗಾಜಿಗೆ ಪರದೆ ಹಾಕಿ. ಈ ಸ್ಕ್ರೀನುಗಳನ್ನು ಬೇಗ ಕೆಡಿಸುವುದು ಬಿಸಿಲೇ.

ಮ್ಯಾಪ್

ಟ್ರಾಫಿಕ್ ಬೇಕಾದಾಗ ಗೂಗಲ್ ಮ್ಯಾಪ್ಸ್ ಅಥವಾ ಮ್ಯಾಪಲ್ಸ್, ಫೋನಿನ ಹಾಟ್‌ಸ್ಪಾಟ್ ಮೇಲೆ. ಗೂಗಲ್ಲಿನಲ್ಲಿ ನಿಮ್ಮ ದಾರಿಯ ಪ್ರದೇಶ ಗುರುತಿಸಿ ಆಫ್‌ಲೈನ್ ಇಳಿಸಿಕೊಳ್ಳಬಹುದು, ಆದರೆ ಅದಕ್ಕೆ ಅವಧಿ ಇದೆ, ಹಾಗೇ ಬಿಟ್ಟರೆ ಮುಗಿದುಹೋಗುತ್ತದೆ. ಆಟೋ ಅಪ್‌ಡೇಟ್ ಹಾಕಿಡಿ. ಭಾಷೆ ಕನ್ನಡಕ್ಕೆ ಬದಲಿಸಿದರೆ ತಿರುವುಗಳನ್ನೂ ಕನ್ನಡದಲ್ಲೇ ಹೇಳುತ್ತದೆ. ಅಪ್ಪ ಅಮ್ಮ ಓಡಿಸುವ ಕಾರಿಗೆ ಇದು ದೊಡ್ಡ ಅನುಕೂಲ.

ಇದರ ಜೊತೆಗೆ ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆ್ಯಂಡ್ ಖಂಡಿತ ಹಾಕಿ. ಇವು ಓಪನ್‌ಸ್ಟ್ರೀಟ್‌ಮ್ಯಾಪ್ ಮಾಹಿತಿ ಬಳಸುತ್ತವೆ, ಮನೆಯ ವೈಫೈನಲ್ಲಿ ಕರ್ನಾಟಕದ ಮ್ಯಾಪ್ ಒಮ್ಮೆ ಇಳಿಸಿದರೆ ನೆಟ್ ಇಲ್ಲದೆಯೂ ಹುಡುಕುವುದು, ದಾರಿ ಲೆಕ್ಕ ಹಾಕುವುದು ಎಲ್ಲ ಒಳಗೇ ನಡೆಯುತ್ತದೆ. ಆಗುಂಬೆ ತಿರುವಿನಲ್ಲಿ ದಾರಿ ತಪ್ಪಿದರೆ, ಪ್ರದೇಶ ಇಳಿಸಿಕೊಂಡಿರದ ಗೂಗಲ್ಲು ನೆಟ್‌ಗಾಗಿ ತಡಕಾಡುವಾಗ ಇವು ಆಗಲೇ ಹೊಸ ದಾರಿ ಹೇಳಿರುತ್ತವೆ. ಅಂಗಡಿ, ಹೋಟೆಲ್ ಹುಡುಕುವುದರಲ್ಲಿ ಮಾತ್ರ ಇವು ಗೂಗಲ್ಲಿಗೆ ಸಾಟಿಯಲ್ಲ.

ಯಾವ ಆ್ಯಪ್ ಇದ್ದರೂ ಫ್ಲೈಓವರ್ ಹತ್ತಿರ ಕಣ್ಣು ರಸ್ತೆ ಮೇಲಿರಲಿ. ಹೊಸೂರು ರಸ್ತೆಯಲ್ಲಿ ನೀವು ಮೇಲಿನ ಎಲಿವೇಟೆಡ್ ದಾರಿಯಲ್ಲಿದ್ದೀರೋ ಕೆಳಗಿದ್ದೀರೋ ಅಂತ ಜಿಪಿಎಸ್‌ಗೆ ಖಚಿತವಾಗಿ ತಿಳಿಯುವುದಿಲ್ಲ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗಿನ ಡಬಲ್ ಡೆಕ್ಕರ್‌ನಲ್ಲಂತೂ ನೆತ್ತಿ ಮೇಲೆ ಮೆಟ್ರೊ, ಆಕಾಶ ಕಾಣುವುದೇ ಪಕ್ಕದಿಂದ. ಅಲ್ಲಿ ಬಾಣ ಸ್ವಲ್ಪ ಅಡ್ಡಾಡಿದರೆ ಅದು ನಿಮ್ಮ ವೈರಿಂಗ್ ತಪ್ಪಲ್ಲ. ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ ಬಳಸಬಹುದು ಅಂತ 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿದೆ. ಡ್ಯಾಶ್‌ಬೋರ್ಡಿನ ಸ್ಕ್ರೀನಿಗೂ ಅದೇ ಶಿಸ್ತು ಇರಲಿ, ಊರಿನ ಹೆಸರನ್ನು ಕಾರು ಹೊರಡುವ ಮುಂಚೆ ಟೈಪ್ ಮಾಡಿ.

ಒಂದು ವಾರ ಆದ ಮೇಲೆ

ಬ್ಯಾಟರಿ ಸೋರಿಕೆ ನೋಡುವುದೊಂದು ಬಾಕಿ. ಕಾರು ಆಫ್ ಮಾಡಿ, ಬಾಗಿಲು ಮುಚ್ಚಿ, ಅರ್ಧ ಗಂಟೆ ಬಿಡಿ. ಮೀಟರಿನ ಕೆಂಪು ಕಡ್ಡಿಯನ್ನು 10 ಆಂಪಿಯರ್ ತೂತಿಗೆ ಹಾಕಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಬ್ಯಾಟರಿಯ ಆ ಕಂಬಕ್ಕೂ ಬಿಚ್ಚಿದ ಕೇಬಲಿಗೂ ನಡುವೆ ಮೀಟರ್ ಸೇರಿಸಿ. ಮೀಟರ್ ಸೇರಿಸಿದ ಮೇಲೆ ಕೀ ತಿರುಗಿಸಬೇಡಿ, ಮೀಟರ್ ಸುಡುತ್ತದೆ. ಸೇರಿಸಿದ ಕೂಡಲೇ ಅಂಕಿ ಜಾಸ್ತಿ ಇರುತ್ತದೆ, ಯೂನಿಟ್ ಮತ್ತೆ ಮಲಗುವವರೆಗೆ ಕಾಯಿರಿ. ಕಾರು ಪೂರ್ತಿಗೆ 50 ಮಿಲಿಆಂಪಿಯರ್ ಒಳಗಿದ್ದರೆ ನಿಶ್ಚಿಂತೆ. 100 ಇದ್ದರೆ ದಿನಕ್ಕೆ 2.4 ಆಂಪಿಯರ್ ಅವರ್ ಹೋಗುತ್ತದೆ, 35ರ ಚಿಕ್ಕ ಬ್ಯಾಟರಿ ಎರಡು ವಾರಕ್ಕೆ ಖಾಲಿ. ಆಗ ಸೆಟ್ಟಿಂಗ್ಸ್‌ನಲ್ಲಿ ನಿದ್ದೆಯ ಅವಧಿ ಕಮ್ಮಿ ಮಾಡಿ, ಕೀ ತೆಗೆದ ಮೇಲೆ ಯೂನಿಟ್ ಪೂರ್ತಿ ಆಫ್ ಆಗುವ ಆಯ್ಕೆ ಇದ್ದರೆ ಅದನ್ನು ಹಾಕಿ. ಬೂಟ್ ಆಗಲು ಅರ್ಧ ನಿಮಿಷ ಕಾಯಬೇಕು, ಪರವಾಗಿಲ್ಲ.

ಬಿಲ್ ಜೋಪಾನ ಮಾಡಿ. ಕಂಪನಿಯಿಂದ ಬರದ ಎಲೆಕ್ಟ್ರಿಕಲ್ ಸಾಮಾನಿಗೆ ಕಾರಿನ ವಿಮೆಯಲ್ಲಿ ಬೇರೆಯಾಗಿ ಸೇರಿಸಿದರೆ ಮಾತ್ರ ರಕ್ಷಣೆ, ಪಾಲಿಸಿಯಲ್ಲಿ ಅದು ಐಎಂಟಿ 24 ಅಂತ ಇರುತ್ತದೆ. ಮುಂದಿನ ಸಲ ವಿಮೆ ಕಟ್ಟುವಾಗ ಕೇಳಿ ಸೇರಿಸಿಕೊಳ್ಳಿ. ಹಳೆ ಸ್ಟೀರಿಯೊ, ಅದರ ಚೌಕಟ್ಟು, ನಾಲ್ಕು ಸ್ಕ್ರೂ ಎಲ್ಲ ಒಂದು ಕವರಿನಲ್ಲಿ ಹಾಕಿ ಅಟ್ಟದ ಮೇಲಿಡಿ. ವೈರ್ ಕತ್ತರಿಸಿಲ್ಲವಲ್ಲ, ಕಾರು ಮಾರುವ ದಿನ ಅರ್ಧ ಗಂಟೆಯಲ್ಲಿ ಅದನ್ನು ವಾಪಸ್ ಕೂರಿಸಿ, ಈ ಸ್ಕ್ರೀನನ್ನು ಬಿಚ್ಚಿಕೊಳ್ಳಬಹುದು. ಮುಂದಿನ ಕಾರಿಗೆ ಹೊಸ ಫ್ರೇಮು, ಹೊಸ ಕಪ್ಲರ್ ತಂದರಾಯ್ತು.